ತಲಶ್ಶೇರಿಯ ಜಾನಕಿ ಅಮ್ಮಾಳ್: ಪದವಿಯ ಆಚೆಗೂ ನಡೆದ ತಳಿವಿಜ್ಞಾನಿ

ಪದವಿ ಪರೀಕ್ಷೆಗಳ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಶಾಲೆಗಳಿಂದ ಕಲಿತುಹೋದ ಹಳೆಯ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ನಮ್ಮನ್ನು ಹುಡುಕಿಕೊಂಡು ಬರುವುದುಂಟು. ತಳಿವಿಜ್ಞಾನವನ್ನು ಆರಿಸಿಕೊಂಡು ಬಿ.ಎಸ್‌ಸಿ. ಮುಗಿಸಿದ ಮಕ್ಕಳ ಮನೆಯವರಲ್ಲಿ ಕಾಣುವ ಚಿಂತೆ ಬಹುಮಟ್ಟಿಗೆ ಒಂದೇ. ಮಗು ವೈದ್ಯಕೀಯಕ್ಕೂ ಹೋಗಲಿಲ್ಲ, ಇಂಜಿನಿಯರಿಂಗಿಗೂ ಹೋಗಲಿಲ್ಲ. ಈ ಪದವಿಯನ್ನು ಹಿಡಿದು ಮುಂದೆ ಎಲ್ಲಿಗೆ ಹೋಗುವುದೆಂಬ ಚಿಂತೆ. ಓದಿದವಳು ಹೆಣ್ಣುಮಗಳಾದರೆ ಆ ಮಾತಿನ ಬೆನ್ನಿಗೇ ಮದುವೆಯ ಮಾತೂ ಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದರೆ ಇನ್ನೂ ಒಂದು ಅಳುಕು ಸೇರಿಕೊಳ್ಳುತ್ತದೆ.

ಈ ಚಿಂತೆಗೆ ಉತ್ತರವಾಗಿ ನಾವು ಒಂದು ಬದುಕಿನ ಕಥೆಯನ್ನು ಹೇಳಬಯಸುತ್ತೇವೆ. ಕಾಸರಗೋಡಿನಿಂದ ತೆಂಕಣಕ್ಕೆ ರೈಲು ಹತ್ತಿದರೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ತಲಶ್ಶೇರಿ ಇದೆ. ಈಗ ಎರಡೂ ಕೇರಳದಲ್ಲಿವೆ. 1956ಕ್ಕೆ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ತಲಶ್ಶೇರಿ ಮಲಬಾರ್ ಜಿಲ್ಲೆಯಲ್ಲಿಯೂ ಇದ್ದವು. ಬ್ರಿಟಿಷರ ಕಾಲದಲ್ಲಿ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆ ತಲಶ್ಶೇರಿಯಲ್ಲಿ 1897ರ ನವೆಂಬರ್ 4ರಂದು ಎಡವಲತ್ ಕಕ್ಕಾಟ್ ಜಾನಕಿ ಅಮ್ಮಾಳ್ ಜನಿಸಿದರು. ಮೆಂಡಲನ ಬಟಾಣಿ ಗಿಡಗಳ ಪ್ರಯೋಗವನ್ನು ಜಗತ್ತಿನ ವಿಜ್ಞಾನಿಗಳು ಮತ್ತೆ ಕಂಡುಕೊಂಡದ್ದು 1900ರಲ್ಲಿ. ಹೀಗೆ ತಳಿವಿಜ್ಞಾನವೆಂಬ ಶಾಸ್ತ್ರವೂ ಈ ಮಗುವೂ ಹೆಚ್ಚುಕಡಿಮೆ ಜೊತೆಯಲ್ಲೇ ಬೆಳೆದವೆನ್ನಬಹುದು.

ತಂದೆ ಇ. ಕೆ. ಕೃಷ್ಣನ್ ಮದ್ರಾಸ್ ಪ್ರಾಂತ್ಯದಲ್ಲಿ ಸಬ್ ಜಡ್ಜ್ ಆಗಿದ್ದವರು. ನ್ಯಾಯಾಲಯದ ಕೆಲಸ ಮುಗಿದ ಮೇಲೆ ಅವರ ಮನಸ್ಸು ಹಕ್ಕಿಗಳ ಮೇಲೆ, ತೋಟದ ಮೇಲೆ. ಮಕ್ಕಳು ತುಂಬಿದ ದೊಡ್ಡ ಮನೆ ಅದು. ಗಿಡಮರಗಳನ್ನು ನಿಂತು ನೋಡುವ ಅಭ್ಯಾಸ ಜಾನಕಿಗೆ ಆ ತೋಟದಲ್ಲೇ ಹತ್ತಿತು. ಅವರದು ತೀಯ ಸಮುದಾಯ. ಅಂದಿನ ಜಾತಿಶ್ರೇಣಿ ಕೆಳಗೆಂದು ಎಣಿಸಿದ್ದ ಸಮುದಾಯ. ಮನೆಯಲ್ಲಿ ಅನುಕೂಲವಿದ್ದರೂ ಹೊರಗಿನ ಜಗತ್ತಿನಲ್ಲಿ ಆ ಎಣಿಕೆ ಅವರನ್ನು ಬಹುಕಾಲ ಹಿಂಬಾಲಿಸಿತು.

ತಲಶ್ಶೇರಿಯ ಕಾನ್ವೆಂಟಿನಲ್ಲಿ ಶಾಲಾ ಶಿಕ್ಷಣ ಮುಗಿಸಿ ಅವರು ಮದ್ರಾಸಿಗೆ ಹೋದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪದವಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1921ರಲ್ಲಿ ಸಸ್ಯಶಾಸ್ತ್ರದ ಆನರ್ಸ್. ಆಮೇಲೆ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕಿಯ ಕೆಲಸ. ಅಂದಿನ ಹೆಣ್ಣುಮಗಳೊಬ್ಬಳಿಗೆ ಇಷ್ಟೇ ದೊಡ್ಡ ಸಾಧನೆ. ಮನೆಯವರ ದೃಷ್ಟಿಯಲ್ಲಿ ಓದು ಮುಗಿದಿತ್ತು. ಅಕ್ಕತಂಗಿಯರಿಗೆ ಆದಂತೆ ಜಾನಕಿಗೂ ಮದುವೆಯ ಮಾತುಕತೆ ನಡೆದಿತ್ತು. ಆ ಹೊತ್ತಿಗೆ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ಅವರಿಗೆ ದೊರೆಯಿತು. ಅವರು ಮದುವೆಯನ್ನು ಬಿಟ್ಟು ಓದನ್ನು ಆರಿಸಿಕೊಂಡರು. 1924ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹಡಗು ಹತ್ತಿದರು.

ಅಲ್ಲಿ ಸ್ನಾತಕೋತ್ತರ ಪದವಿ ಪಡೆದು ಮದ್ರಾಸಿಗೆ ಮರಳಿ ಪಾಠ ಹೇಳಿದರು. ಮತ್ತೆ ಮಿಷಿಗನ್ನಿಗೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಸಸ್ಯಶಾಸ್ತ್ರದಲ್ಲಿ ಆ ಮಟ್ಟಕ್ಕೇರಿದ ಭಾರತೀಯ ಮಹಿಳೆಯರಲ್ಲಿ ಅವರು ಮೊದಲ ಸಾಲಿನವರು. ಆ ಪದವಿಗಳಿಗಿಂತಲೂ ಮುಖ್ಯವಾದುದೊಂದು ಆ ವರ್ಷಗಳಲ್ಲಿ ಅವರ ಕೈಗೆ ಬಂತು. ಅದು ಜೀವಕೋಶದೊಳಗಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡುವ, ಎಣಿಸುವ, ಆಕಾರ ಗುರುತಿಸುವ ಕೌಶಲ.

ನಮ್ಮ ಮಕ್ಕಳು ಶಾಲೆಯ ಪ್ರಯೋಗಾಲಯದಲ್ಲಿ ಈರುಳ್ಳಿಯ ಬೇರಿನ ತುದಿಯನ್ನು ಬಣ್ಣದಲ್ಲಿ ಅದ್ದಿ ನೋಡುವುದು ಇದೇ ವಿದ್ಯೆಯ ಮೊದಲ ಪಾಠ. ತೆಂಗಿನ ಜೀವಕೋಶದಲ್ಲಿ 32 ವರ್ಣತಂತುಗಳು, ಭತ್ತದಲ್ಲಿ 24, ಬದನೆಯಲ್ಲಿ 24, ಮನುಷ್ಯರಲ್ಲಿ 46. ಎರಡು ಗಿಡಗಳು ಎಷ್ಟು ಹತ್ತಿರದ ನೆಂಟರು, ಅವನ್ನು ಕೂಡಿಸಿದರೆ ಬೀಜ ಕಟ್ಟುವುದೇ, ಕಟ್ಟಿದ ಬೀಜ ಮುಂದಿನ ತಲೆಮಾರನ್ನು ಕೊಡುವುದೇ ಎಂಬ ಪ್ರಶ್ನೆಗಳಿಗೆ ಈ ಎಣಿಕೆಯಿಂದ ಉತ್ತರ ಸಿಗತೊಡಗುತ್ತದೆ. ಜಾನಕಿ ಅಮ್ಮಾಳ್ ಮುಂದಿನ ಐವತ್ತು ವರ್ಷಗಳಲ್ಲಿ ಎಷ್ಟೋ ಊರು, ಎಷ್ಟೋ ಹುದ್ದೆ ಬದಲಿಸಿದರು. ಕೈಯಲ್ಲಿದ್ದ ವಿದ್ಯೆ ಮಾತ್ರ ಇದೇ.

ಭಾರತಕ್ಕೆ ಮರಳಿದ ಅವರು 1932ರಿಂದ ಎರಡು ವರ್ಷ ತಿರುವನಂತಪುರದ ಮಹಾರಾಜಾ ವಿಜ್ಞಾನ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿದ್ದರು. 1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಗೆ ಸೇರಿದರು. ಆಗ ನಮ್ಮ ನೆಲದ ಕಬ್ಬು ಗಟ್ಟಿಮುಟ್ಟು, ಆದರೆ ತೆಳ್ಳಗೆ, ಸಿಹಿ ಕಡಿಮೆ. ಪೂರ್ವ ದ್ವೀಪಗಳ ಕಬ್ಬು ದಪ್ಪ, ರಸಭರಿತ. ಆದರೆ ಉತ್ತರ ಭಾರತದ ಚಳಿಗೂ ರೋಗಕ್ಕೂ ತಾಳಿಕೊಳ್ಳದು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನೊಡನೆ ಸಿಹಿಕಬ್ಬನ್ನು ಕೂಡಿಸಿ ಆ ಸಂಸ್ಥೆಯವರು 1918ರಲ್ಲೇ ಹೊಸ ತಳಿಯನ್ನು ಹೊರತಂದಿದ್ದರು. ಆ ಕೂಡುವಿಕೆಯಲ್ಲಿ ಒಳಗೊಳಗೆ ಏನು ನಡೆಯುತ್ತದೆಂಬುದನ್ನು ವರ್ಣತಂತುಗಳ ಮಟ್ಟದಲ್ಲಿ ಬಿಡಿಸಿ ತೋರಿಸುವ ಕೆಲಸ ಜಾನಕಿ ಅಮ್ಮಾಳ್ ಅವರ ಪಾಲಿಗೆ ಬಂತು. ಸಿಹಿಕಬ್ಬಿನಲ್ಲಿ 80 ವರ್ಣತಂತುಗಳಿದ್ದರೆ ಕಾಡುಕಬ್ಬಿನಲ್ಲಿ ಆ ಸಂಖ್ಯೆ ಊರಿಂದೂರಿಗೆ 40ರಿಂದ 128ರವರೆಗೆ ಬದಲಾಗುತ್ತದೆ. ಈ ಜಟಿಲ ಗಂಟನ್ನು ಅವರು ಬಿಡಿಸಿದರು. ಕಾಡುಕಬ್ಬಿನ ಮೂಲ ನೆಲೆ ಭಾರತವೆಂಬುದಕ್ಕೆ ಆಧಾರ ಒದಗಿಸಿದರು. ಕಬ್ಬನ್ನು ಮೆಕ್ಕೆಜೋಳದಂಥ ಬೇರೆ ಕುಲದ ಸಸ್ಯಗಳೊಡನೆಯೂ ಕೂಡಿಸಿ ಅಡ್ಡತಳಿಗಳನ್ನು ಪಡೆದರು.

1934ರಲ್ಲಿ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು; ಮರುವರ್ಷವೇ ಜಾನಕಿ ಅಮ್ಮಾಳ್ ಅದರ ಫೆಲೋ ಆಗಿ ಆಯ್ಕೆಯಾದರು. ಹೊರಗೆ ಹೀಗೆ ಮನ್ನಣೆ ದೊರೆತರೂ ಕೆಲಸದ ಜಾಗದಲ್ಲಿ ಬದುಕು ಸುಲಭವಾಗಿರಲಿಲ್ಲ. ಅವಿವಾಹಿತ ಹೆಣ್ಣು, ಅದರ ಮೇಲೆ ಹಿಂದುಳಿದದ್ದೆಂದು ಕರೆಯಲ್ಪಟ್ಟ ಜಾತಿ. ಗಂಡಸರೇ ತುಂಬಿದ್ದ ವಿಜ್ಞಾನದ ಅಂಗಳದಲ್ಲಿ ಅವರು ಒಂಟಿಯಾದರು. 1939ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಅಂತಾರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದವರು, ಅಷ್ಟರಲ್ಲೇ ಎರಡನೆಯ ಮಹಾಯುದ್ಧ ಶುರುವಾದ್ದರಿಂದ ಅಲ್ಲಿಯೇ ಉಳಿದರು.

1940ರಿಂದ ಐದು ವರ್ಷ ಅವರು ಲಂಡನ್ನಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಲ್ಲಿ ಕೋಶವಿಜ್ಞಾನಿಯ ಸಹಾಯಕ ಹುದ್ದೆಯಲ್ಲಿ ದುಡಿದರು. ಡಾಕ್ಟರೇಟ್ ಪಡೆದು, ಪ್ರಾಧ್ಯಾಪಕಿಯಾಗಿ ಕೆಲಸ ಮಾಡಿ ಬಂದವರು ನಲವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಸಹಾಯಕ ಹುದ್ದೆಗೆ ಇಳಿಯಬೇಕಾಯಿತೆಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ರಾತ್ರಿ ಬಾಂಬು ಬೀಳುವಾಗ ಮಂಚದ ಕೆಳಗೆ ಅಡಗಿ, ಬೆಳಗ್ಗೆ ಕಪಾಟಿನ ಮೇಲೆ ಬಿದ್ದ ಗಾಜಿನ ಚೂರು ಗುಡಿಸಿ, ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ ದಿನಗಳನ್ನು ಅವರು ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಆ ದುಡಿಮೆಯ ಫಲವಾಗಿ 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ಸೇರಿ ಬರೆದ, ಕೃಷಿಸಸ್ಯಗಳ ವರ್ಣತಂತುಗಳ ಸಂಖ್ಯೆಯನ್ನು ದಾಖಲಿಸಿದ ಬೃಹತ್ ಗ್ರಂಥ ಪ್ರಕಟವಾಯಿತು. ತಳಿಗಾರರು ದಶಕಗಳ ಕಾಲ ಕೈಪಿಡಿಯಂತೆ ಬಳಸಿದ ಕೃತಿ ಅದು.

ಮುಂದೆ 1946ರಿಂದ 1951ರವರೆಗೆ ಅವರು ವಿಸ್ಲಿಯಲ್ಲಿದ್ದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಉದ್ಯಾನದಲ್ಲಿ ವಿಜ್ಞಾನಿಯಾಗಿದ್ದರು. ಅಲ್ಲಿ ಮ್ಯಾಗ್ನೋಲಿಯಾ ಸಸಿಗಳ ಚಿಗುರಿಗೆ ಕಾಲ್ಚಿಸಿನ್ ಎಂಬ ದ್ರಾವಣ ಹಚ್ಚಿ ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರು. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ವಿಷವಸ್ತು ಅದು. ಹಾಗೆ ಬೆಳೆದ ಗಿಡಗಳಲ್ಲಿ ಎಲೆಗಳೂ ಹೂದಳಗಳೂ ದಪ್ಪಗಾದವು. ಅವುಗಳಲ್ಲೊಂದು ಬಿಳಿಹೂವಿನ ತಳಿ ಇಂದಿಗೂ ಜಾನಕಿ ಅಮ್ಮಾಳ್ ಎಂಬ ಹೆಸರನ್ನು ಹೊತ್ತಿದೆ.

ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ 1951ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮರುವರ್ಷ ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆಯನ್ನು ಮರುಸಂಘಟಿಸುವ ವಿಶೇಷಾಧಿಕಾರಿಯಾದರು. ಭಾರತದ ಗಿಡಗಳನ್ನು ಭಾರತೀಯರೇ ತಿಳಿದು, ಇಲ್ಲಿಯೇ ಸಂಗ್ರಹಿಸಿ, ಇಲ್ಲಿನ ಕಾಡುಗಳನ್ನು ಉಳಿಸಿಕೊಳ್ಳಬೇಕೆಂಬುದು ಅವರ ನಿಲುವಾಗಿತ್ತು. ಆದರೆ ಸಂಸ್ಥೆಯ ಮುಖ್ಯ ಹುದ್ದೆ ಬೇರೆಯವರ ಪಾಲಾಯಿತು. ಅದರ ನೋವು ಅವರಲ್ಲಿ ಉಳಿಯಿತು. ಅದೇ ವರ್ಷಗಳಲ್ಲಿ ಅಪರೂಪದ ಒಂದು ಮ್ಯಾಗ್ನೋಲಿಯಾ ಮರವನ್ನು ಅರಸಿ ಅವರು ಶಿಲ್ಲಾಂಗಿನಿಂದ ದೂರದ ಕಾಡಿಗೆ ಹೋದರು. ತಲುಪಿದಾಗ ಕಂಡದ್ದು ಸುಟ್ಟುಹೋದ ಮರ. ಅಲ್ಲಿಂದಾಚೆಗೆ ಕಾಡಿನ ಅಳಿವು ಅವರ ಚಿಂತನೆಯ ಕೇಂದ್ರಕ್ಕೆ ಬಂತು. 1955ರಲ್ಲಿ ಮನುಷ್ಯನಿಂದ ಭೂಮಿಯ ರೂಪ ಹೇಗೆ ಬದಲಾಗಿದೆಯೆಂಬುದನ್ನು ಚರ್ಚಿಸಲು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಸೇರಿದ ವಿದ್ವತ್ಸಭೆಗೆ ಆಹ್ವಾನ ಪಡೆದ ಏಕೈಕ ಮಹಿಳೆ ಅವರೇ.

ಅನಂತರ ಅವರು ಅಲಹಾಬಾದಿನ ಕೇಂದ್ರ ಸಸ್ಯಶಾಸ್ತ್ರೀಯ ಪ್ರಯೋಗಾಲಯ, ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯ, ಕೆಲಕಾಲ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಎಂದು ಸುತ್ತಿ 1970ರಲ್ಲಿ ಮದ್ರಾಸಿನಲ್ಲಿ ನೆಲೆಸಿದರು. ಮದ್ರಾಸ್ ವಿಶ್ವವಿದ್ಯಾಲಯದ ಉನ್ನತ ಸಸ್ಯಶಾಸ್ತ್ರ ಕೇಂದ್ರಕ್ಕೆ ಸೇರಿದ್ದ ಮಧುರವಾಯಲಿನ ಕ್ಷೇತ್ರ ಪ್ರಯೋಗಾಲಯ ಅವರ ಕೊನೆಯ ಕೆಲಸದ ಮನೆಯಾಯಿತು. ಸರಳವಾದ ಉಡುಗೆ, ಮಿತವಾದ ಊಟ, ಗಿಡಗಳ ನಡುವೆ ದಿನ. 1977ರಲ್ಲಿ ಪದ್ಮಶ್ರೀ ಬಂತು. ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯ ಮಳೆಕಾಡನ್ನು ಮುಳುಗಿಸಲಿದ್ದ ಜಲವಿದ್ಯುತ್ ಯೋಜನೆಯ ವಿರುದ್ಧ ನಾಡಿನಲ್ಲಿ ದನಿಯೆದ್ದಾಗ ಎಂಬತ್ತು ದಾಟಿದ ಜಾನಕಿ ಅಮ್ಮಾಳ್ ಅದರೊಡನೆ ನಿಂತರು. ಆ ಕಣಿವೆಯ ಗಿಡಮರಗಳ ವರ್ಣತಂತು ಸಮೀಕ್ಷೆಗೆ ಕೈಹಾಕಿದರು. ಮಿಷಿಗನ್ನಿನಲ್ಲಿ ಕಲಿತ ವಿದ್ಯೆ ಕೊನೆಗೆ ಹುಟ್ಟುನಾಡಿನ ಕಾಡಿಗೆ ಆಸರೆಯಾಯಿತು. 1984ರ ಫೆಬ್ರವರಿ 7ರಂದು ಅವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಈ ಬದುಕಿನಿಂದ ನಮ್ಮ ಮನೆಗಳು ಏನನ್ನು ತಿಳಿಯಬೇಕು? ಪದವಿಯೊಂದೇ ಜಾನಕಿ ಅಮ್ಮಾಳ್ ಅವರಿಗೆ ಆ ಬದುಕನ್ನು ಕೊಡಲಿಲ್ಲ. ಪದವಿಯ ಮೇಲೆ ಕಲಿತ ಒಂದು ನಿಖರವಾದ ಕೌಶಲ ಕೊಟ್ಟಿತು. ಕೊಯಮತ್ತೂರಿನ ಬಾಗಿಲು ಕಿರಿದಾದಾಗ ಲಂಡನ್ನಿನ ಬಾಗಿಲು ತೆರೆದದ್ದು ಆ ಕೌಶಲದಿಂದಲೇ. ಇಂದಿನ ತಳಿವಿಜ್ಞಾನ ಪದವೀಧರರಿಗೂ ಇದೇ ಮಾತು ಸಲ್ಲುತ್ತದೆ. ಮೂರು ವರ್ಷದ ಬಿ.ಎಸ್‌ಸಿ. ಒಂದರಿಂದಲೇ ಒಳ್ಳೆಯ ಉದ್ಯೋಗ ಸಿಗುವುದು ವಿರಳ. ಸ್ನಾತಕೋತ್ತರದ ಎರಡು ವರ್ಷಗಳೇ ಕವಲುದಾರಿ.

ಆ ದಾರಿಗಳು ಹಲವು. ತಳಿವಿಜ್ಞಾನ, ಮಾನವ ತಳಿವಿಜ್ಞಾನ, ಜೈವಿಕ ತಂತ್ರಜ್ಞಾನ, ಅಣುಜೀವವಿಜ್ಞಾನ, ಜೀನೋಮ್ ವಿಜ್ಞಾನ, ಕಂಪ್ಯೂಟರಿನಲ್ಲಿ ಆನುವಂಶಿಕ ಮಾಹಿತಿಯನ್ನು ಬಿಡಿಸುವ ಬಯೋಇನ್‌ಫರ್ಮ್ಯಾಟಿಕ್ಸ್, ಇವೆಲ್ಲವುಗಳಲ್ಲಿ ಎಂ.ಎಸ್‌ಸಿ. ಇದೆ. ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೇ ಜೀನೋಮ್ ವಿಜ್ಞಾನದ ವಿಭಾಗವಿದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಕ್ಕೇ ಮೀಸಲಾದ ವಿಭಾಗವಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಬೆಂಬಲವಿರುವ ಕೋರ್ಸುಗಳಿಗೆ ಗ್ಯಾಟ್-ಬಿ, ಐಐಟಿಗಳಿಗೆ ಜ್ಯಾಮ್ ಪ್ರವೇಶ ಪರೀಕ್ಷೆಗಳು. ಎಂ.ಎಸ್‌ಸಿ.ಯ ಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ದೊರೆತರೆ ತಿಂಗಳಿಗೆ 37,000 ರೂಪಾಯಿಯ ಸಂಶೋಧನಾ ವೇತನದೊಡನೆ ಪಿಎಚ್‌.ಡಿ. ಮಾಡಬಹುದು. ಓದಿಸುವ ಶಕ್ತಿಯಿಲ್ಲವೆಂದು ಕೈಚೆಲ್ಲುವ ಮನೆಗಳು ಈ ಅಂಕಿಯನ್ನು ನೆನಪಿಡಬೇಕು. ಒಂದು ಎಚ್ಚರಿಕೆಯೂ ಬೇಕು: ಕೃಷಿ ವಿಶ್ವವಿದ್ಯಾಲಯಗಳ ಸಸ್ಯತಳಿ ಅಭಿವೃದ್ಧಿ ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ ಕೃಷಿ ಪದವಿಯನ್ನೇ ಕೇಳುತ್ತಾರೆ. ಆ ದಾರಿ ಬೇಕೆನ್ನುವವರು ಪ್ಲಸ್ ಟು ಮುಗಿದಾಗಲೇ ನಿರ್ಧರಿಸಬೇಕು.

ಉದ್ಯೋಗವೆಂದರೆ ದೂರದ ಊರು ಮಾತ್ರವಲ್ಲ. ಎತ್ತರದ ತೆಂಗನ್ನೂ ಗಿಡ್ಡ ತೆಂಗನ್ನೂ ಕೂಡಿಸಿದ ಮೊದಲ ಮಿಶ್ರತಳಿ 1932ರಲ್ಲಿ ಹುಟ್ಟಿದ್ದು ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಂಸ್ಥೆ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಗಿ ತೆಂಗು, ಅಡಿಕೆ, ಕೊಕ್ಕೋ ತಳಿಗಳ ಮೇಲೆ ದುಡಿಯುತ್ತಿದೆ. ಸೊಲ್ಲಾಪುರದಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಪಶ್ಚಿಮ ತೆಲಂಗಾಣದ ಪಟಾನ್‌ಚೆರುವಿನಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ತಳಿಗಳಿಗೆ ಮೀಸಲಾದ ಇಕ್ರಿಸ್ಯಾಟ್ ಇದೆ. ಗಡಿನಾಡಿನ ನಮ್ಮ ಹೊಲಗಳಲ್ಲಿ ನಾವು ಬೆಳೆಯುವುದನ್ನೇ ಈ ಸಂಸ್ಥೆಗಳು ಅಭ್ಯಸಿಸುತ್ತವೆ.

ಇನ್ನು ಆಸ್ಪತ್ರೆಯ ದಾರಿ. ವಯನಾಡು ಮತ್ತು ನೀಲಗಿರಿಯ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರೋಗ ತಲೆಮಾರುಗಳಿಂದ ಇಳಿದುಬಂದಿದೆ. 2047ರೊಳಗೆ ಅದನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 2023ರಲ್ಲಿ ಆರಂಭವಾಯಿತು. ಅಂಥ ಕಾಯಿಲೆಗಳನ್ನು ಪತ್ತೆಹಚ್ಚುವ ಪ್ರಯೋಗಾಲಯಗಳಿಗೆ, ವರದಿಯ ಅರ್ಥವನ್ನು ದಂಪತಿಗಳಿಗೆ ತಿಳಿಹೇಳುವ ಆನುವಂಶಿಕ ಆಪ್ತಸಮಾಲೋಚಕರಿಗೆ ಬೇಡಿಕೆಯಿದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಡುತ್ತ ಬೆಳೆದ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಅಪರಾಧ ತನಿಖೆಯ ಡಿಎನ್‌ಎ ಪ್ರಯೋಗಾಲಯ, ಬೀಜ ಕಂಪನಿ, ಔಷಧ ಸಂಶೋಧನೆ ಇವೂ ಇವೆ. ಪದವಿಯಲ್ಲಿ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಒಂದು ವಿಷಯವಾಗಿದ್ದವರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಕೂರಬಹುದು. ಬಿ.ಎಡ್. ಮಾಡಿ ನಮ್ಮದೇ ಕನ್ನಡ ಶಾಲೆಗಳಿಗೆ ಮರಳಬಯಸುವವರು ಮಾತ್ರ ತಮ್ಮ ಪದವಿಯ ವಿಷಯಕ್ಕೆ ಆ ರಾಜ್ಯದಲ್ಲಿ ಮಾನ್ಯತೆಯಿದೆಯೇ, ಕರ್ನಾಟಕದ ಪದವಿಯಾದರೆ ತತ್ಸಮಾನತಾ ಪತ್ರ ಬೇಕೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಭಾಷೆಯ ಮಾತನ್ನು ಮರೆಮಾಚಲಾರೆವು. ಮೇಲೆ ಹೇಳಿದ ಪ್ರವೇಶ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಇದು ಅನ್ಯಾಯವೆಂದು ನಾವು ಹೇಳುತ್ತ ಬಂದಿದ್ದೇವೆ, ಮುಂದೆಯೂ ಹೇಳುತ್ತೇವೆ. ಆದರೆ ಆ ಕಾರಣಕ್ಕೆ ಕನ್ನಡ ಮಾಧ್ಯಮವನ್ನು ತೊರೆಯಬೇಕಿಲ್ಲ. ವರ್ಣತಂತು ಎಂದರೇನೆಂದು ಕನ್ನಡದಲ್ಲಿ ಚೆನ್ನಾಗಿ ಅರಿತ ಮಗುವಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಹೆಚ್ಚು ಹೊತ್ತು ಬೇಡ. ಅರಿಯದೆ ಹೆಸರು ಬಾಯಿಪಾಠ ಮಾಡಿದವರಿಗೆ ಸೂಕ್ಷ್ಮದರ್ಶಕದ ಮುಂದೆ ಆ ಹೆಸರು ನೆರವಾಗದು. ಎಂಟನೆಯ ತರಗತಿಯಿಂದಲೇ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಡುವ ಒಂದು ಪುಸ್ತಕವನ್ನು ಮಕ್ಕಳ ಕೈಗೆ ಕೊಡಿರೆಂದು ನಮ್ಮ ಅಧ್ಯಾಪಕ ಮಿತ್ರರನ್ನೂ ಪಾಲಕರನ್ನೂ ಕೇಳಿಕೊಳ್ಳುತ್ತೇವೆ.

ಜಾನಕಿ ಅಮ್ಮಾಳ್ ಅವರಿಗೆ ಸ್ನಾತಕೋತ್ತರಕ್ಕಾಗಿ ಸಮುದ್ರ ದಾಟಬೇಕಾಯಿತು, ಮದುವೆಯ ಮಾತನ್ನು ಹಿಂದಿಡಬೇಕಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಒಂದು ಬಸ್ಸು, ಒಂದು ಅರ್ಜಿ, ಮನೆಯವರಿಂದ ಎರಡು ವರ್ಷದ ಕಾಲಾವಕಾಶ ಸಾಕು. ಈ ಬಾರಿ ಪದವಿ ಮುಗಿಸಿ ಮನೆಯಲ್ಲಿ ಕುಳಿತಿರುವ ಮಗಳಿದ್ದರೆ, ಬೇರೆ ಮಾತುಗಳಿಗೆ ಮೊದಲು ಆ ಎರಡು ವರ್ಷಗಳನ್ನು ಅವಳಿಗೆ ಕೊಡಿ.